ನಿನ್ನೆ ಏನು ಉಂಡಿರಿ?

ಹಟ್ಟಿಯ ಚಿನ್ನದ ಗಣಿಯನ್ನು ನೋಡಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಂಗಾರವಲ್ಲ, ಕಲ್ಲು. ನೆಲದಾಳದಿಂದ ಮೇಲೆತ್ತಿದ ಒಂದು ಟನ್ ಅದಿರಿನಲ್ಲಿ ದೊರೆಯುವ ಬಂಗಾರ ಕೆಲವೇ ಗ್ರಾಂ. ಅದು ಬರಿಗಣ್ಣಿಗೆ ಕಾಣುವಂಥದಲ್ಲ. ಆದ್ದರಿಂದ ಗಣಿಯವರು ಯಾವ ಆಳದ ಯಾವ ಭಾಗದಿಂದ ಕಲ್ಲು ಬಂದಿತೆಂಬುದನ್ನು ಬರೆದುಕೊಳ್ಳುತ್ತಾರೆ. ಅದನ್ನು ಪುಡಿಮಾಡಿ, ಕರಗಿಸಿ, ತೂಗಿ, ದೊರೆತ ಲೆಕ್ಕವನ್ನು ಮತ್ತೆ ಬರೆದಿಡುತ್ತಾರೆ. ಗುರುತು ಬರೆಯದ ಕಲ್ಲು ಅವರ ಪಾಲಿಗೆ ಬರಿಯ ಕಲ್ಲು. 1947ರಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕಂಪನಿಯಾಗಿ ಸ್ಥಾಪನೆಗೊಂಡ ಈ ಗಣಿಯಲ್ಲಿ ಈ ಶಿಸ್ತು ಇಂದಿಗೂ ನಡೆದು ಬಂದಿದೆ.

ನಾವು ಈ ಊರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವೈದ್ಯವೃತ್ತಿ ಮಾಡಿದವರು. ಕಣ್ಣಿಗೆ ಕಾಣದ್ದನ್ನು ಕಾಣಬೇಕಾದರೆ ಕೇಳಬೇಕು, ಅಳೆಯಬೇಕು, ಬರೆದಿಡಬೇಕು ಎಂಬ ಪಾಠವು ನಮ್ಮ ದವಾಖಾನೆಯ ಬಾಗಿಲಿನ ಮುಂದೆಯೇ ಪ್ರತಿದಿನ ನಡೆಯುತ್ತಿದ್ದರೂ ನಾವು ಅದನ್ನು ಕಲಿತದ್ದು ಬಹಳ ತಡವಾಗಿ. ಅದಕ್ಕೆ ತೆತ್ತ ಬೆಲೆ ನಮ್ಮದಾಗಿರಲಿಲ್ಲ. ಒಬ್ಬ ತಾಯಿಯದು ಮತ್ತು ಆಕೆಯ ಹಸುಗೂಸಿನದು. ಈ ಪತ್ರಿಕೆಯನ್ನು ಓದುವ ಶರಣ ಕುಟುಂಬಗಳ ಮುಂದೆ ಆ ಸಂಗತಿಯನ್ನು ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಏಕೆಂದರೆ ಅದು ನಮ್ಮಂಥದೇ ಒಂದು ಮನೆಯಲ್ಲಿ ನಡೆದದ್ದು.

ನಮ್ಮ ಭಾಗದ ರೋಗಿ ತನ್ನ ಬೇನೆಯನ್ನು ಹೇಳುವ ಮಾತುಗಳು ಕೆಲವೇ. "ಮೈಯಾಗ ಶಕ್ತಿ ಇಲ್ರಿ", "ಕಣ್ಣಿಗೆ ಕತ್ತಲಿ ಬರ್ತದ್ರಿ", "ಕೈಕಾಲು ಜೋಮು ಹಿಡಿತಾವ್ರಿ". ದಿನಕ್ಕೆ ನೂರು ಜನ ಬರುವ ದವಾಖಾನೆಯಲ್ಲಿ ಈ ಮಾತುಗಳನ್ನು ಕೇಳಿ ಕೇಳಿ ಕಿವಿ ಮಂದವಾಗುತ್ತದೆ. ನಾವು ಚೀಟಿಯ ಮೇಲೆ "ನಿಶ್ಶಕ್ತಿ" ಎಂದು ಬರೆಯುತ್ತಿದ್ದೆವು. ಯಾವುದೋ ಒಂದು ಗುಳಿಗೆ, ಕೇಳಿದವರಿಗೆ ಒಂದು ಸೂಜಿ. ನಿಶ್ಶಕ್ತಿ ಎಂಬುದು ರೋಗದ ಹೆಸರಲ್ಲ, ರೋಗಿಯು ಹೇಳಿದ ಮಾತನ್ನೇ ನಾವು ಸಂಸ್ಕೃತದಲ್ಲಿ ತಿರುಗಿ ಬರೆದದ್ದು ಮಾತ್ರ ಎಂಬುದು ಆಗ ನಮಗೆ ಹೊಳೆದಿರಲಿಲ್ಲ.

1994ರ ಮಳೆಗಾಲದಲ್ಲಿ ಏಳು ತಿಂಗಳ ಗರ್ಭಿಣಿಯೊಬ್ಬಳು ಅತ್ತೆಯೊಡನೆ ಬಂದಳು. ಇಪ್ಪತ್ತೆರಡರ ವಯಸ್ಸು. ಮುಖ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8 ಗ್ರಾಂ. ಗರ್ಭಿಣಿಗೆ ಕನಿಷ್ಠ 11 ಇರಬೇಕು. ಕಬ್ಬಿಣದ ಗುಳಿಗೆಯನ್ನೂ ಅದರೊಡನೆ ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನೂ ಕೊಟ್ಟೆವು. ಹೆರಿಗೆಯಾಗಿ ಎರಡು ತಿಂಗಳ ತರುವಾಯ ಆಕೆ ಮತ್ತೆ ಬಂದಳು. ಹಿಮೋಗ್ಲೋಬಿನ್ 10ಕ್ಕೆ ಏರಿತ್ತು. ನಮಗೆ ಸಂತೋಷವಾಯಿತು. ಆದರೆ ಪಾದಗಳಲ್ಲಿ ಜೋಮು, ನಡೆಯುವಾಗ ನೆಲ ಹತ್ತಿಯ ಮೇಲೆ ಕಾಲಿಟ್ಟಂತೆ ಎಂದಳು. ಬಾಣಂತಿಯ ನಿಶ್ಶಕ್ತಿ, ಸರಿಹೋಗುತ್ತದೆ ಎಂದು ಧೈರ್ಯ ಹೇಳಿ ಅದೇ ಗುಳಿಗೆಗಳನ್ನು ಮುಂದುವರಿಸಿದೆವು.

ಮೂರನೆಯ ಸಲ ಆಕೆ ಬಂದದ್ದು ತನಗಾಗಿ ಅಲ್ಲ. ಕಂಕುಳಲ್ಲಿ ಒಂಬತ್ತು ತಿಂಗಳ ಹೆಣ್ಣುಕೂಸಿತ್ತು. ಐದು ತಿಂಗಳಿಗೆ ನಗುತ್ತಿದ್ದ, ಕತ್ತು ನಿಲ್ಲಿಸಿ ಸುತ್ತ ನೋಡುತ್ತಿದ್ದ ಮಗು ಈಗ ನಗುವುದನ್ನು ಮರೆತಿತ್ತು. ಕತ್ತು ಜೋಲುತ್ತಿತ್ತು. ಕರೆದರೆ ತಿರುಗದು, ತಾಯಿಯ ಮುಖವನ್ನೂ ಅರಸದು. ಕೂದಲು ತೆಳುವಾಗಿ ಕೆಂಚಾಗಿತ್ತು. ಬೆರಳಿನ ಗೆಣ್ಣುಗಳು ಕಪ್ಪಿಟ್ಟಿದ್ದವು. ಮೈ ಮಾತ್ರ ತುಂಬಿಕೊಂಡೇ ಇತ್ತು. ದೃಷ್ಟಿ ತೆಗೆಸಿದ್ದರು, ಮಠದಿಂದ ವಿಭೂತಿ ತಂದು ಹಚ್ಚಿದ್ದರು. ತಾಯಿಯ ಕೈಯನ್ನು ನೋಡಿದರೆ ಆಕೆಯ ಗೆಣ್ಣುಗಳೂ ಅಷ್ಟೇ ಕಪ್ಪು. ನಾಲಗೆ ಹೊರಗೆ ಹಾಕಿಸಿದೆವು: ಗರುಕಿಲ್ಲದೆ ಕೆಂಪಗೆ ನುಣುಪಾಗಿತ್ತು. ಶ್ರುತಿಕವೆಯನ್ನು ಮೀಟಿ ಕಾಲ್ಬೆರಳಿನ ಮೇಲೆ ಇಟ್ಟರೆ ಅದರ ನಡುಕ ಆಕೆಗೆ ತಿಳಿಯಲೇ ಇಲ್ಲ.

ನಾವು ಹಳೆಯ ಚೀಟಿಗಳನ್ನು ಹುಡುಕಿಸಿ ತೆಗೆದೆವು. ಎರಡರಲ್ಲಿಯೂ ಇದ್ದದ್ದು ಒಂದೇ ಶಬ್ದ: ನಿಶ್ಶಕ್ತಿ. ಕೆಳಗೆ ಔಷಧಿಯ ಹೆಸರು, ಹಿಮೋಗ್ಲೋಬಿನ್ನಿನ ಅಂಕಿ. ಆಕೆ ಏನು ಉಣ್ಣುತ್ತಾಳೆಂಬುದನ್ನು ನಾವು ಬರೆದಿರಲಿಲ್ಲ. ಬರೆದಿರಲಿಲ್ಲ ಏಕೆಂದರೆ ಕೇಳಿಯೇ ಇರಲಿಲ್ಲ.

ಆ ದಿನ ಕೇಳಿದೆವು: "ನಿನ್ನೆ ಬೆಳಗಿನಿಂದ ರಾತ್ರಿಯ ತನಕ ಏನೇನು ಉಂಡೆ ತಂಗಿ?" ಉತ್ತರ ಬಂದದ್ದು ಅತ್ತೆಯಿಂದ. "ನಮ್ಮ ಮನ್ಯಾಗ ಏನು ಕಡಿಮಿ ಅದರೀ? ಎರಡು ಎಮ್ಮಿ ಹಿಂಡತಾವು." ಸುಳ್ಳಲ್ಲ. ಆ ತಾಯಿ ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ. ಬಾಗಿಲಿಗೆ ಬಂದವರನ್ನು ಉಣಿಸದೆ ಕಳುಹಿಸಿದವರಲ್ಲ. ಆದರೂ ನಾವು ಸೊಸೆಯ ಬಾಯಿಂದಲೇ ಕೇಳಬೇಕೆಂದು ಹಟ ಹಿಡಿದೆವು. ಬೆಳಿಗ್ಗೆ ಚಹ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಒಣಖಾರ. ಸಂಜೆ ಚಹ. ರಾತ್ರಿ ನುಚ್ಚು, ಅದಕ್ಕೆ ಬ್ಯಾಳಿಯ ತಿಳಿ. ಹಾಲು? ಬೆಳಗಿನ ಹಾಲು ಡೇರಿಗೆ, ಸಂಜೆಯ ಹಾಲು ಚಹಕ್ಕೆ ಮತ್ತು ಗಂಡುಮಕ್ಕಳಿಗೆ. ಮೊಸರು ಗಣಿಗೆ ಪಾಳಿ ಕೆಲಸಕ್ಕೆ ಹೋಗುವ ಗಂಡನ ಬುತ್ತಿಗೆ. ಎಲ್ಲರೂ ಉಂಡ ಮೇಲೆ ಉಳಿದರೆ ನೀರುಮಜ್ಜಿಗೆ. ಬಾಣಂತನದ ಐದು ತಿಂಗಳು ಅದೂ ಇಲ್ಲ, ಶೀತವಾಗುತ್ತದೆಂದು ಪಥ್ಯ. ಮಗುವಿಗೆ ಒಂಬತ್ತು ತಿಂಗಳಾದರೂ ತಾಯಿಹಾಲಿನ ಹೊರತು ಬೇರೇನನ್ನೂ ಕೊಟ್ಟಿರಲಿಲ್ಲ.

ಆ ಮನೆಯಲ್ಲಿ ದಾಸೋಹವಿತ್ತು. ಆದರೆ ಅದು ಹೊರಬಾಗಿಲಿನಿಂದ ಅಡುಗೆಮನೆಯ ತನಕ ಬಂದಿರಲಿಲ್ಲ.

ವೈದ್ಯಶಾಸ್ತ್ರದ ದೃಷ್ಟಿಯಿಂದ ನಡೆದದ್ದೇನೆಂಬುದನ್ನು ಸರಳವಾಗಿ ಹೇಳುತ್ತೇವೆ. ನಮ್ಮ ದೇಹದಲ್ಲಿ ರಕ್ತಕಣಗಳು ಹುಟ್ಟಲು ಕಬ್ಬಿಣ ಬೇಕು, ಫೋಲಿಕ್ ಆಮ್ಲ ಬೇಕು, ಬಿ-12 ಎಂಬ ಜೀವಸತ್ತ್ವವೂ ಬೇಕು. ಈ ಬಿ-12 ನರಗಳ ಮೇಲಿನ ಹೊದಿಕೆಯನ್ನೂ ಕಾಯುತ್ತದೆ. ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿದೆ. ಬಸುರಿ ಬಾಣಂತಿಯರಿಗೆ ಇನ್ನೂ ಹೆಚ್ಚು. ಒಂದು ಗ್ರಾಂ ಬಿ-12 ಒಬ್ಬ ಮನುಷ್ಯನಿಗೆ ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ಸಾಕಾಗುವಷ್ಟು ಸಣ್ಣ ಅಳತೆ ಇದು. ಆದರೆ ಅಷ್ಟು ಸಣ್ಣದೂ ಜೋಳದಲ್ಲಿಲ್ಲ, ಬೇಳೆಯಲ್ಲಿಲ್ಲ, ಪಲ್ಯದಲ್ಲಿಲ್ಲ. ಅದನ್ನು ಉತ್ಪಾದಿಸುವುದು ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳು ಮಾತ್ರ. ಮನುಷ್ಯನಿಗೆ ಬರುವುದು ಪ್ರಾಣಿಜನ್ಯ ಆಹಾರದ ಮೂಲಕ. ಸಸ್ಯಾಹಾರಿಯಾದ ನಮ್ಮಂಥವರಿಗೆ ಹಾಲು, ಮೊಸರು, ಪನೀರುಗಳೇ ದಾರಿ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಸಂಗ್ರಹವಿರುವುದರಿಂದ ಕೊರತೆಯು ಕಾಲಿಡುವುದು ಕಳ್ಳನಂತೆ, ಸದ್ದಿಲ್ಲದೆ.

ಕಬ್ಬಿಣದೊಡನೆ ನಾವು ಕೊಟ್ಟ ಫೋಲಿಕ್ ಆಮ್ಲ ರಕ್ತವನ್ನು ಹೆಚ್ಚಿಸಿತು, ನರವನ್ನು ಕಾಯಲಿಲ್ಲ. ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲವು ಬಿ-12 ಕೊರತೆಯಿಂದಾದ ರಕ್ತಹೀನತೆಯನ್ನು ಮರೆಮಾಡುತ್ತದೆ. ಒಳಗೆ ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ. ಹಿಮೋಗ್ಲೋಬಿನ್ 10ಕ್ಕೆ ಏರಿತೆಂದು ನಾವು ಹಿಗ್ಗಿದ ದಿನವೇ ಆಕೆಯ ಪಾದಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತಿದ್ದವು. ಆಕೆಯ ಎದೆಹಾಲಿನಲ್ಲಿಯೂ ಬಿ-12 ಇರಲಿಲ್ಲವೆಂಬಷ್ಟು ಕಡಿಮೆ. ಇದನ್ನು ಓದಿ ಗರ್ಭಿಣಿಯರು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. 1970ರಿಂದ ಸರಕಾರವು ಹಂಚುತ್ತ ಬಂದಿರುವ ಆ ಗುಳಿಗೆಗಳು ಅಸಂಖ್ಯ ತಾಯಂದಿರಿಗೆ ಆಸರೆಯಾಗಿವೆ. ನಮ್ಮ ತಪ್ಪು ಗುಳಿಗೆ ಕೊಟ್ಟದ್ದಲ್ಲ. ಅದರೊಂದಿಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಹೋದದ್ದು, ಜೋಮು ಎಂಬ ಮಾತಿಗೆ ಕಿವಿಗೊಡದೆ ಹೋದದ್ದು.

ಮಗುವನ್ನೂ ತಾಯಿಯನ್ನೂ ರಾಯಚೂರಿನ ತಜ್ಞರ ಬಳಿಗೆ ಕಳುಹಿಸಿದೆವು. ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪುಕಣಗಳು ಅತಿದೊಡ್ಡವಾಗಿದ್ದವು. ಬಿಳಿಕಣಗಳ ಕೇಂದ್ರವು ಐದಾರು ಹೋಳಾಗಿ ಸೀಳಿತ್ತು. ಬಿ-12 ಸೂಜಿ ಆರಂಭಿಸಿದ ಒಂದು ವಾರದೊಳಗೆ ಕೂಸು ತಾಯಿಯ ಮುಖವನ್ನು ಹಿಂಬಾಲಿಸಿ ನೋಡತೊಡಗಿತು. ಹತ್ತನೆಯ ದಿನ ನಕ್ಕಿತು. ಆ ನಗೆಯನ್ನು ತೋರಿಸಲೆಂದೇ ಅವರು ಬಸ್ಸು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಅತ್ತೆಯ ಕಣ್ಣಲ್ಲಿ ನೀರಿತ್ತು. "ನಾನೂ ಹಿಂಗs ಉಂಡು ಬಾಳೇವು ಮಾಡೀನ್ರಿ" ಎಂದರು. ಅವರನ್ನೂ ಕೂರಿಸಿ ಶ್ರುತಿಕವೆಯನ್ನು ಕಾಲ್ಬೆರಳಿಗೆ ಇಟ್ಟೆವು. ಅವರಿಗೂ ಏನೂ ತಿಳಿಯಲಿಲ್ಲ. ಅನ್ಯಾಯ ಮಾಡಿದವರೆಂದು ನಾವು ಮನಸ್ಸಿನಲ್ಲಿ ತೀರ್ಪು ಕೊಟ್ಟಿದ್ದವರೇ ಮೂವತ್ತು ವರ್ಷ ಅದೇ ಕೊರತೆಯನ್ನು ಉಂಡವರಾಗಿದ್ದರು.

ಆ ಮಗು ಬದುಕಿತು, ಬೆಳೆಯಿತು. ಎರಡು ವರ್ಷ ತುಂಬಿದ ಮೇಲೆ ನಡೆಯಿತು. ಮಾತು ಇನ್ನೂ ತಡವಾಗಿ ಬಂದಿತು. ಶಾಲೆಯಲ್ಲಿ ಲೆಕ್ಕ ಅವಳಿಗೆ ಕಡೆಯವರೆಗೂ ಕಠಿಣವಾಗಿಯೇ ಉಳಿಯಿತು. ಅದು ಆ ತಿಂಗಳುಗಳ ಫಲವೋ ಅಲ್ಲವೋ ಯಾರೂ ಖಚಿತವಾಗಿ ಹೇಳಲಾರರು; ಆದರೆ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ತಾಯಿಯ ರಕ್ತ ಸರಿಹೋಯಿತು, ನಡಿಗೆ ಸರಿಹೋಯಿತು. ಪಾದದ ಬೆರಳುಗಳ ಜೋಮು ಮಾತ್ರ ಇಂದಿಗೂ ಉಳಿದಿದೆ. ಮೊದಲ ದಿನವೇ ನಾವು ಕೇಳಿದ್ದರೆ ಅದು ಉಳಿಯುತ್ತಿರಲಿಲ್ಲ.

ಅದಾದ ಮೇಲೆ ಪುಸ್ತಕಗಳನ್ನು ತೆಗೆದು ಕುಳಿತೆವು. ನಮಗೆ ಹೊಸದಾಗಿ ಕಂಡದ್ದು ಜಗತ್ತಿಗೆ ಹೊಸದೇನೂ ಆಗಿರಲಿಲ್ಲ. 1962ರಲ್ಲಿಯೇ ವೆಲ್ಲೂರಿನ ವೈದ್ಯರಾದ ಜಾಧವ್, ವೆಬ್, ವೈಷ್ಣವ ಮತ್ತು ಬೇಕರ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥದೇ ಕೂಸುಗಳ ಕುರಿತು ಬರೆದಿದ್ದರು: ಸಸ್ಯಾಹಾರಿ ತಾಯಂದಿರ ಹಾಲನ್ನೇ ಕುಡಿದು ಬೆಳೆದ, ಮೈ ಕಪ್ಪಿಟ್ಟ, ನಗು ಮರೆತ ಶಿಶುಗಳು. ನಮ್ಮ ಹಟ್ಟಿಯ ಮಗುವಿನ ಚಿತ್ರವನ್ನು ಅವರು ಅದು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ಬರೆದಿಟ್ಟಿದ್ದರು.

ಕೊರತೆಯ ರೋಗಗಳ ಚರಿತ್ರೆಯುದ್ದಕ್ಕೂ ಒಂದೇ ಸಂಗತಿ ಕಾಣುತ್ತದೆ. ಅವುಗಳನ್ನು ಕಂಡುಹಿಡಿದವರೆಲ್ಲ ರೋಗಿಯ ತಟ್ಟೆಯನ್ನು ನೋಡಿದವರು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ರೋಗಾಣುವನ್ನು ಹುಡುಕುವುದಕ್ಕಷ್ಟೇ ನಿಲ್ಲದೆ ಆ ಹೆಂಗಸರು ಏನು ಉಣ್ಣುತ್ತಾರೆಂಬುದನ್ನು ವಿಚಾರಿಸಿದರು. ಯೀಸ್ಟಿನ ಸಾರವನ್ನು ಕೊಟ್ಟರೆ ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿನ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇನ್ನು ನಮ್ಮ ನೆಲಕ್ಕೆ ಹತ್ತಿರದ ಮಾತು. ನಮ್ಮ ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ದಖ್ಖನಿನ ಜೋಳ ಉಣ್ಣುವ ಬಡವರಲ್ಲಿ ಬಿಸಿಲು ಬೀಳುವ ಕೈ, ಕಾಲು, ಕೊರಳುಗಳ ಚರ್ಮ ಸುಟ್ಟಂತಾಗುವ, ಭೇದಿಯಾಗುವ, ಬುದ್ಧಿ ಭ್ರಮಿಸುವ ಪೆಲಾಗ್ರಾ ರೋಗವನ್ನು ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ ಅವರು ಅಭ್ಯಾಸ ಮಾಡಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಅಧಿಕವಾಗಿರುವುದು ಅದಕ್ಕೊಂದು ಕಾರಣವಿರಬಹುದೆಂದು 1960ರಲ್ಲಿ ಬರೆದರು. ಹಾಗೆಂದು ಜೋಳವನ್ನು ದೂರಬೇಕಾಗಿಲ್ಲ. ಜೋಳ ಮಾತ್ರವೇ ಊಟವಾದಾಗ ಕೇಡು. ಬೇಳೆ, ಶೇಂಗಾ, ಹಾಲು ಜೊತೆಗಿದ್ದರೆ ಅದರಷ್ಟು ಗಟ್ಟಿಯಾದ ಧಾನ್ಯ ಅಪರೂಪ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮಿಗೂ ಕಡಿಮೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭಾಗದಲ್ಲಿ ಬತ್ತ ಬೆಳೆಯಿತು, ಸಂಪತ್ತು ಬಂದಿತು. ರೊಟ್ಟಿಯ ಬದಲು ಬಿಳಿಯ ಅನ್ನವನ್ನೇ ಉಣ್ಣುವ ಮನೆಗಳಲ್ಲಿ ಕಬ್ಬಿಣವೂ ಅಷ್ಟು ತಗ್ಗಿತು.

ಆ ವರ್ಷದಿಂದ ನಾವು ದವಾಖಾನೆಯಲ್ಲಿ ಒಂದು ಪಟ್ಟಿ ಪುಸ್ತಕವನ್ನು ಇಟ್ಟೆವು. ನಿಶ್ಶಕ್ತಿ ಎಂದು ಬಂದ ಪ್ರತಿಯೊಬ್ಬರಿಗೂ ಮೊದಲ ಪ್ರಶ್ನೆ: ನಿನ್ನೆ ಏನು ಉಂಡಿರಿ? ಬೆಳಗಿನಿಂದ ರಾತ್ರಿಯವರೆಗೆ, ಎಷ್ಟು ರೊಟ್ಟಿ, ಎಷ್ಟು ಲೋಟ ಹಾಲು, ಎಷ್ಟು ಚಹ, ಊಟವಾದೊಡನೆ ಚಹ ಕುಡಿದಿರೋ ಹೇಗೆ. ಎರಡನೆಯ ಪ್ರಶ್ನೆ: ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಈ ಎರಡನೆಯ ಪ್ರಶ್ನೆಗೆ ದೊರೆತ ಉತ್ತರವು ಅನೇಕ ಸಲ ರಕ್ತಪರೀಕ್ಷೆಗಿಂತ ಮೊದಲೇ ರೋಗವನ್ನು ಹೇಳಿಬಿಡುತ್ತಿತ್ತು. ತರುವಾಯ ಕಣ್ಣಿನ ಕೆಳರೆಪ್ಪೆ ಬಿಳಿಚಿದೆಯೇ, ಉಗುರು ಚಮಚದಂತೆ ಕುಳಿಬಿದ್ದಿದೆಯೇ, ಬಾಯಿಯ ಮೂಲೆ ಒಡೆದಿದೆಯೇ, ನಾಲಗೆ ನುಣುಪಾಗಿದೆಯೇ, ಗೆಣ್ಣು ಕಪ್ಪಾಗಿದೆಯೇ, ಪಾದಕ್ಕೆ ಸ್ಪರ್ಶವಿದೆಯೇ ಎಂದು ನೋಡಿ ಬರೆಯುವುದು. ಮಕ್ಕಳಾದರೆ ಇರುಳುಗಣ್ಣು ಇದೆಯೇ, ಕಣ್ಣಿನ ಬಿಳಿಯ ಭಾಗದಲ್ಲಿ ನೊರೆಯಂಥ ಕಲೆಯಿದೆಯೇ, ತೋಳಿನ ಸುತ್ತಳತೆ ಎಷ್ಟು. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬರೆಯತೊಡಗಿದ ಮೇಲೆ ಇನ್ನೊಂದು ಸೂಕ್ಷ್ಮವೂ ಮನದಟ್ಟಾಯಿತು. ಕಬ್ಬಿಣದ ಕೊರತೆಯಿದ್ದರೆ ರಕ್ತಕಣಗಳು ಸಣ್ಣವಾಗುತ್ತವೆ; ಬಿ-12 ಕೊರತೆಯಿದ್ದರೆ ದೊಡ್ಡವಾಗುತ್ತವೆ. ಎರಡೂ ಒಟ್ಟಿಗೆ ಇದ್ದರೆ? ಯಂತ್ರವು ಸಣ್ಣದನ್ನೂ ದೊಡ್ಡದನ್ನೂ ಕೂಡಿಸಿ ಸರಾಸರಿ ತೆಗೆದು "ಗಾತ್ರ ಸರಿಯಾಗಿದೆ" ಎಂದು ಹೇಳಿಬಿಡುತ್ತದೆ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ಎರಡು ಕೊರತೆಗಳೂ ಕೂಡಿರುವುದು ಅಪರೂಪವಲ್ಲ. ಮನೆಯ ಲೆಕ್ಕವೂ ಹೀಗೆಯೇ ಅಲ್ಲವೇ? ಎರಡು ಎಮ್ಮೆಯ ಹಾಲನ್ನು ಏಳು ಜನರಿಗೆ ಭಾಗಿಸಿದರೆ ಎಲ್ಲರಿಗೂ ಸಾಕಾದಷ್ಟು ಇದೆ ಎಂದು ಕಾಗದ ಹೇಳುತ್ತದೆ. ತಟ್ಟೆಯ ಮಾತು ಬೇರೆ.

ನಮ್ಮ ನೆರೆಯ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಗುರುತಿಸಿದವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಖಚಿತವಾದದ್ದು ಅಲ್ಲಿ ಆತನ ಹೆಸರನ್ನೇ ಕೊರೆದಿದ್ದುದರಿಂದ. ಹೆಸರು ಬರೆಯದಿದ್ದರೆ ಚಕ್ರವರ್ತಿಯೂ ಗುರುತಿಲ್ಲದವನಾಗುತ್ತಾನೆ. ಹಸಿದ ಮಗುವಿನ ಗತಿಯೇನು? 2011ರಲ್ಲಿ ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸ್ಥಿತಿ ಮಾಧ್ಯಮಗಳಲ್ಲಿ ಬಂದು ನಾಡು ಬೆಚ್ಚಿತು. ವಿಷಯ ಹೈಕೋರ್ಟಿನ ಮುಂದೆ ಬಂದು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ರಚಿತವಾಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾಗಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ 150 ಮಿಲಿಲೀಟರ್ ಹಾಲು ದೊರೆಯುವಂತಾಯಿತು. ಆ ಮಕ್ಕಳು ಅದಕ್ಕೆ ಮೊದಲೂ ಇದ್ದರು. ಅವರಲ್ಲಿ ಕೆಲವರು ನಮ್ಮಂಥ ವೈದ್ಯರ ಚೀಟಿಗಳಲ್ಲಿ ಜ್ವರ, ಭೇದಿ, ನಿಶ್ಶಕ್ತಿ ಎಂಬ ಹೆಸರುಗಳ ಕೆಳಗೆ ಅಡಗಿದ್ದರು.

ಇಂದಿಗೂ ಲೆಕ್ಕ ಹಗುರವಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ. 47.8, ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 65.5 ಮಂದಿಗೆ ರಕ್ತಹೀನತೆಯಿದೆ. 2016-18ರ ಸಮಗ್ರ ಪೌಷ್ಟಿಕ ಸಮೀಕ್ಷೆಯು ದೇಶದ ಹದಿಹರೆಯದವರಲ್ಲಿ ಶೇ. 31 ಮಂದಿಗೆ ಬಿ-12 ಕೊರತೆಯಿರುವುದನ್ನು ಕಂಡಿತು. ಮೂವರಲ್ಲಿ ಒಬ್ಬರು ಎಂದಂತಾಯಿತು.

ಇಲ್ಲಿ ಕೆಲವು ಹಿರಿಯರು ಕೇಳಬಹುದು: ಹಾಗಾದರೆ ನಮ್ಮ ಆಹಾರವ್ರತವೇ ತಪ್ಪೆಂದು ನಿಮ್ಮ ಅಭಿಪ್ರಾಯವೇ? ಅಲ್ಲ. ನಾವೂ ಲಿಂಗಧಾರಿಗಳು, ನಾವೂ ಹುಟ್ಟಿನಿಂದ ಶಾಕಾಹಾರಿಗಳು. ದಯೆಯನ್ನು ಮೂಲವೆಂದು ನಂಬಿದ ಧರ್ಮಕ್ಕೆ ಈ ವ್ರತವು ಶೋಭೆಯೇ. ಆದರೆ ವ್ರತವನ್ನು ಹಿಡಿದವರು ಅದರ ಲೆಕ್ಕವನ್ನೂ ಹಿಡಿಯಬೇಕಾಗುತ್ತದೆ. ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು ಅಥವಾ ಅಷ್ಟು ಹಾಲಿನ ಮೊಸರು ವಯಸ್ಕರ ಬಿ-12 ಅಗತ್ಯದ ಬಹುಪಾಲನ್ನು ಪೂರೈಸುತ್ತದೆ. ಅಷ್ಟು ದೊರೆಯದವರಿಗೆ ಗುಳಿಗೆಯಿದೆ, ಸೂಜಿಯಿದೆ. ಮಾಂಸದಿಂದ ತೆಗೆದದ್ದೇನೋ ಎಂದು ಶಂಕಿಸಿ ಅನೇಕ ಭಕ್ತರು ಅದನ್ನು ನಿರಾಕರಿಸಿದ್ದನ್ನು ನಾವು ಕಂಡಿದ್ದೇವೆ. ಆ ಶಂಕೆ ಬೇಡ. ಈಗ ಬಿ-12 ಅನ್ನು ಬ್ಯಾಕ್ಟೀರಿಯಾಗಳನ್ನು ಹುದುಗೆಬ್ಬಿಸಿ ತಯಾರಿಸುತ್ತಾರೆ, ನಮ್ಮ ಮನೆಯ ಮೊಸರಿನಂತೆಯೇ. ಕೆಲವು ಕ್ಯಾಪ್ಸೂಲುಗಳ ಹೊರಕವಚ ಮಾತ್ರ ಪ್ರಾಣಿಜನ್ಯ ಜೆಲಟಿನ್ನಿನದಾಗಿರುವುದರಿಂದ ವ್ರತಸ್ಥರು ಗುಳಿಗೆಯನ್ನು ಕೇಳಿ ಪಡೆಯಬಹುದು.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡತೊಡಗಿದಾಗ ನಮ್ಮ ಸಮಾಜದ ಕೆಲವು ಪೂಜ್ಯರು ವಿರೋಧಿಸಿದ್ದು ಓದುಗರಿಗೆ ನೆನಪಿರಬಹುದು. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ತೋಳಿನ ಅಳತೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ವರ್ಷಗಟ್ಟಲೆ ಕುಳಿತ ವೈದ್ಯರಾಗಿ ನಮಗೆ ಅನಿಸಿದ್ದು ಇಷ್ಟೇ: ನಮ್ಮ ಮನೆಯ ವ್ರತ ನಮ್ಮದು, ಬೇರೆ ಮನೆಯ ಮಗುವಿನ ತಟ್ಟೆ ಆ ಮನೆಯದು. ನಮ್ಮ ಮಗು ಮೊಟ್ಟೆಯನ್ನು ಮುಟ್ಟದಿದ್ದರೆ ಅದಕ್ಕೆ ಸಮನಾದ ಹಾಲು ಮೊಸರು ಅದರ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಬಾಳೆಹಣ್ಣಿನಲ್ಲಿ ಬಿ-12 ಇಲ್ಲ.

ಓದುಗರಾದ ತಾಯಂದಿರಲ್ಲಿ, ಯಜಮಾನರಲ್ಲಿ ನಮ್ಮ ವಿನಂತಿಗಳು ಕೆಲವೇ. ಬಸುರಿ ಬಾಣಂತಿಯರಿಗೆ ಹಾಲು ಮೊಸರನ್ನು ಶೀತವೆಂದು ನಿಲ್ಲಿಸಬೇಡಿರಿ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಹಾಲಿನೊಂದಿಗೆ ಮೆತ್ತಗಿನ ಆಹಾರವನ್ನು ಆರಂಭಿಸಿರಿ. ಊಟಕ್ಕೆ ಹೊಂದಿಕೊಂಡಂತೆ ಚಹ ಬೇಡ. ಅದು ಕಬ್ಬಿಣವು ಮೈಗೆ ಹತ್ತದಂತೆ ತಡೆಯುತ್ತದೆ. ಬದಲಾಗಿ ಪಲ್ಯದ ಮೇಲೆ ನಿಂಬೆ ಹಿಂಡಿರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನಾಗಲಿ, ಹೊಟ್ಟೆಯ ಉರಿಗೆ ಆಮ್ಲ ತಗ್ಗಿಸುವ ಗುಳಿಗೆಯನ್ನಾಗಲಿ ವರ್ಷಗಟ್ಟಲೆ ನುಂಗುತ್ತಿರುವ ಹಿರಿಯರಲ್ಲಿ ಬಿ-12 ಕಡಿಮೆಯಾಗಬಹುದು. ಅಂಗಾಲಿನ ಜೋಮನ್ನು ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತಿಳಿಸಿರಿ. ವೈದ್ಯರು ಕೇಳದಿದ್ದರೂ ನೀವು ಉಣ್ಣುವುದನ್ನು ನೀವೇ ಹೇಳಿರಿ. ಸಾಧ್ಯವಾದರೆ ಮೂರು ದಿನಗಳ ಊಟವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿರಿ. ತಾಯಿ ಕಾರ್ಡನ್ನು, ಹಳೆಯ ಚೀಟಿಗಳನ್ನು ಎಸೆಯದೆ ಒಂದೆಡೆ ಜೋಡಿಸಿಡಿರಿ.

ಲಿಂಗಸುಗೂರು ತಾಲ್ಲೂಕಿನದೇ ಆದ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳ ನೆಲ. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಆಸೆಯಿಲ್ಲದ ಬದುಕಿನ ಕಥೆಯೆಂದು ನಾವು ಅದನ್ನು ಹೇಳುತ್ತೇವೆ. ಆದರೆ ಹೆಚ್ಚಾಯಿತೆಂದು ಆ ತಾಯಿ ಹೇಗೆ ತಿಳಿದಳು? ತನ್ನ ಮನೆಗೆ ಎಷ್ಟು ಬೇಕು, ಉಣ್ಣುವವರು ಎಷ್ಟು ಮಂದಿ ಎಂಬುದರ ಲೆಕ್ಕ ಅವಳಲ್ಲಿತ್ತು. ಹೆಚ್ಚಾದದ್ದನ್ನು ಗುರುತಿಸಬಲ್ಲ ಕೈಯೇ ಕಡಿಮೆಯಾದದ್ದನ್ನೂ ಗುರುತಿಸಬಲ್ಲದು.

ಆ ಅತ್ತೆ ಈಗಿಲ್ಲ. ಕೂಸು ನಕ್ಕ ದಿನದಿಂದ ಕಡೆಯವರೆಗೂ ಅವರು ಸಂಜೆಯ ಹಾಲನ್ನು ಕಾಯಿಸಿ ಮೊದಲ ಲೋಟವನ್ನು ಸೊಸೆಯ ಕೈಗೆ ಕೊಟ್ಟು, ಆಕೆ ಕುಡಿದು ಮುಗಿಸುವ ತನಕ ಎದುರಿಗೇ ಕೂರುತ್ತಿದ್ದರಂತೆ. ಆಕೆಯೇ ನಮಗೆ ಹೇಳಿದ್ದು. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ, ಕೊನೆಗೆ ತಟ್ಟೆ ಹಾಕಿಕೊಂಡವರ ಬಳಿ ಒಂದು ಗಳಿಗೆ ಕುಳಿತು ನೋಡಿರಿ. ಅಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರಿಯಲು ವೈದ್ಯರು ಬೇಕಾಗಿಲ್ಲ.